ಗ್ರನೋಲಾ ತಿನಿಸು: ರುಚಿ, ಪೌಷ್ಟಿಕತೆ ಮತ್ತು ಸಣ್ಣ ಉದ್ದಿಮೆದಾರರ ಮುಂದಿರುವ ಲೆಕ್ಕಾಚಾರ

ದೊಡ್ಡ ನಗರಗಳ ಸೂಪರ್ ಮಾರ್ಕೆಟ್‌ಗಳಲ್ಲಿ ಬಿಸ್ಕತ್ತು ಮತ್ತು ಕಾರ್ನ್‌ಫ್ಲೇಕ್ಸ್‌ಗಳ ಪಕ್ಕದಲ್ಲಿ ಇಂದು ಗ್ರನೋಲಾ ಎಂಬ ಹೆಸರಿನ ಪೊಟ್ಟಣಗಳು ಸಾಲುಗಟ್ಟಿ ನಿಂತಿರುವುದನ್ನು ಸದಸ್ಯ ಬಾಂಧವರು ಗಮನಿಸಿರಬಹುದು. ಓಟ್ಸ್, ಬಾದಾಮಿ, ಒಣದ್ರಾಕ್ಷಿ, ಕುಂಬಳ ಬೀಜ, ಜೇನುತುಪ್ಪ ಮುಂತಾದವುಗಳನ್ನು ಸೇರಿಸಿ ಗರಿಗರಿಯಾಗುವಂತೆ ಬೇಯಿಸಿದ ಈ ತಿನಿಸು, ತೂಕದ ಲೆಕ್ಕದಲ್ಲಿ ನಮ್ಮ ಕಡಲೆಮಿಠಾಯಿಗಿಂತ ಬಹಳ ಹೆಚ್ಚಿನ ಬೆಲೆಗೆ ಮಾರಾಟವಾಗುತ್ತಿದೆ. ಬೇಕರಿ, ಚಿಕ್ಕಿ, ಸಿರಿಧಾನ್ಯ ಉತ್ಪನ್ನಗಳ ತಯಾರಿಕೆಯಲ್ಲಿ ತೊಡಗಿರುವ ಅನೇಕ ಸಣ್ಣ ಉದ್ದಿಮೆದಾರರು ತಾವೂ ಇದನ್ನು ತಯಾರಿಸಬಾರದೇಕೆ ಎಂದು ಯೋಚಿಸುತ್ತಿರುವುದು ಸಹಜವೇ ಆಗಿದೆ.

ತಯಾರಿಕೆ ಕಷ್ಟವೇನಲ್ಲ. ಒಂದು ಸಾಧಾರಣ ಬೇಕರಿ ಓವನ್ ಮತ್ತು ಪಾಕದ ಹದ ಬಲ್ಲ ಒಬ್ಬ ಕುಶಲ ಕೆಲಸಗಾರನಿದ್ದರೆ ಸಾಕು. ಕಷ್ಟವಿರುವುದು ಎರಡು ಕಡೆ. ಮೊದಲನೆಯದು, ತಯಾರಾದ ತಿನಿಸು ಗ್ರಾಹಕನ ಮನೆ ತಲುಪುವವರೆಗೆ ತನ್ನ ಗರಿಗರಿತನವನ್ನೂ ಸುವಾಸನೆಯನ್ನೂ ಉಳಿಸಿಕೊಳ್ಳುವಂತೆ ಮಾಡುವುದು. ಎರಡನೆಯದು, ಪೊಟ್ಟಣದ ಮೇಲೆ ಬರೆದ ಆರೋಗ್ಯದ ಮಾತುಗಳು ಒಳಗಿರುವ ಸರಕಿಗೆ ಹೊಂದುವಂತೆ ನೋಡಿಕೊಳ್ಳುವುದು. ಈ ಎರಡರಲ್ಲಿ ಯಾವುದು ತಪ್ಪಿದರೂ ಹಾಕಿದ ಬಂಡವಾಳ ಕೈಗೆ ಮರಳುವುದಿಲ್ಲ. ಆದುದರಿಂದ ಈ ತಿನಿಸಿನ ಹಿನ್ನೆಲೆ, ಅದರ ಪೌಷ್ಟಿಕತೆಯ ನಿಜಸ್ಥಿತಿ ಹಾಗೂ ತಯಾರಿಕೆಯ ಸೂಕ್ಷ್ಮಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ಆರೋಗ್ಯಧಾಮದಿಂದ ಅಂಗಡಿಗೆ

ಗ್ರನೋಲಾದ ಮೂಲ ಅಮೆರಿಕ. ನ್ಯೂಯಾರ್ಕ್ ರಾಜ್ಯದ ಡ್ಯಾನ್ಸ್‌ವಿಲ್ ಎಂಬ ಊರಿನಲ್ಲಿ ಆರೋಗ್ಯಧಾಮ ನಡೆಸುತ್ತಿದ್ದ ಡಾ. ಜೇಮ್ಸ್ ಕ್ಯಾಲೆಬ್ ಜಾಕ್ಸನ್ ಎಂಬುವರು 1863ರಲ್ಲಿ ತೌಡು ಸಮೇತವಾದ ಗೋಧಿ ಹಿಟ್ಟನ್ನು ಕಲಸಿ, ತೆಳುವಾದ ಹಾಳೆಗಳಾಗಿ ಬೇಯಿಸಿ, ಪುಡಿ ಮಾಡಿ, ಮತ್ತೊಮ್ಮೆ ಬೇಯಿಸಿ ಒಂದು ಆಹಾರವನ್ನು ಸಿದ್ಧಪಡಿಸಿದರು. ಅದಕ್ಕೆ ಅವರು ಇಟ್ಟ ಹೆಸರು ಗ್ರನುಲಾ. ಅದು ಎಷ್ಟು ಗಟ್ಟಿಯಾಗಿತ್ತೆಂದರೆ ರಾತ್ರಿಯಿಡೀ ಹಾಲಿನಲ್ಲಿ ನೆನೆಸದೆ ತಿನ್ನಲು ಸಾಧ್ಯವಿರಲಿಲ್ಲ. ಮುಂದೆ ಮಿಶಿಗನ್ ರಾಜ್ಯದ ಬ್ಯಾಟಲ್ ಕ್ರೀಕ್ ಆರೋಗ್ಯಧಾಮದ ಡಾ. ಜಾನ್ ಹಾರ್ವೆ ಕೆಲಾಗ್ ಅವರು ಗೋಧಿ, ಓಟ್ಸ್ ಮತ್ತು ಮೆಕ್ಕೆಜೋಳದ ಹಿಟ್ಟಿನಿಂದ ಇಂತಹುದೇ ಆಹಾರವನ್ನು ಮಾಡಿ ಅದೇ ಹೆಸರನ್ನು ಬಳಸಿದರು. ಹೆಸರಿನ ಹಕ್ಕಿನ ಬಗ್ಗೆ ತಕರಾರು ಬಂದಾಗ ಒಂದು ಅಕ್ಷರವನ್ನು ಬದಲಿಸಿ ಗ್ರನೋಲಾ ಎಂದು ಕರೆದರು. ವ್ಯಾಪಾರ ಚಿಹ್ನೆಯ ಜಗಳದಿಂದಲೇ ಈ ಹೆಸರು ಹುಟ್ಟಿತೆಂಬುದು ವರ್ತಕರಿಗೆ ಸ್ವಾರಸ್ಯಕರ ಸಂಗತಿ.

ಇದೇ ಕಾಲದಲ್ಲಿ, ಸುಮಾರು 1900ರ ಹೊತ್ತಿಗೆ, ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಡಾ. ಮ್ಯಾಕ್ಸಿಮಿಲಿಯನ್ ಬಿರ್ಚರ್-ಬೆನ್ನರ್ ಅವರು ನೆನೆಸಿದ ಓಟ್ಸ್, ತುರಿದ ಸೇಬು, ಬೀಜಗಳನ್ನು ಸೇರಿಸಿ ರೋಗಿಗಳಿಗೆ ಕೊಡುತ್ತಿದ್ದರು. ಇದೇ ಮ್ಯೂಸ್ಲಿ. ಮ್ಯೂಸ್ಲಿ ಮತ್ತು ಗ್ರನೋಲಾಗಳ ನಡುವಣ ವ್ಯತ್ಯಾಸ ಸರಳವಾದುದು. ಮ್ಯೂಸ್ಲಿ ಬೇಯಿಸದ, ಸಾಮಾನ್ಯವಾಗಿ ಸಿಹಿ ಲೇಪಿಸದ ಮಿಶ್ರಣ. ಗ್ರನೋಲಾ ಎಣ್ಣೆ ಮತ್ತು ಸಿಹಿ ಪಾಕದಲ್ಲಿ ಹೊರಳಿಸಿ ಓವನ್‌ನಲ್ಲಿ ಬೇಯಿಸಿದ ತಿನಿಸು. ರುಚಿಯೂ ಕ್ಯಾಲೊರಿಯೂ ಹೆಚ್ಚಾಗುವುದು ಈ ಎಣ್ಣೆ ಮತ್ತು ಸಿಹಿಯಿಂದಲೇ.

ಕೆಲವು ದಶಕಗಳ ಕಾಲ ಮರೆತುಹೋಗಿದ್ದ ಗ್ರನೋಲಾ 1960ರ ದಶಕದಲ್ಲಿ ಅಮೆರಿಕದ ಯುವಜನರ ನಿಸರ್ಗ ಜೀವನದ ಚಳವಳಿಯೊಂದಿಗೆ ಮರುಹುಟ್ಟು ಪಡೆಯಿತು. 1969ರ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ನೆರೆದ ಲಕ್ಷಾಂತರ ಜನರಿಗೆ ಹಂಚಿದ ಆಹಾರಗಳಲ್ಲಿ ಅದೂ ಒಂದು. 1972ರಿಂದೀಚೆಗೆ ದೊಡ್ಡ ಕಂಪನಿಗಳು ಪ್ರವೇಶಿಸಿದವು. 1975ರಲ್ಲಿ ನೇಚರ್ ವ್ಯಾಲಿ ಹೆಸರಿನ ಗ್ರನೋಲಾ ಬಾರ್ ಮಾರುಕಟ್ಟೆಗೆ ಬಂದ ಮೇಲೆ ಬಟ್ಟಲಿನಲ್ಲಿ ತಿನ್ನುತ್ತಿದ್ದ ಬೆಳಗಿನ ಉಪಾಹಾರ ಜೇಬಿನಲ್ಲಿಟ್ಟುಕೊಂಡು ಹೋಗುವ ತಿಂಡಿಯೂ ಆಯಿತು. ವೈದ್ಯರು ಸಪ್ಪೆಯಾಗಿ ಮಾಡಿದ್ದ ಪಥ್ಯದ ಆಹಾರಕ್ಕೆ ಕಂಪನಿಗಳು ಸಿಹಿಯನ್ನು ಸೇರಿಸಿದವು. ಆದರೆ ಆರೋಗ್ಯದ ಹೆಸರನ್ನು ಮಾತ್ರ ಹಾಗೆಯೇ ಉಳಿಸಿಕೊಂಡವು. ಇಂದಿನ ಅನೇಕ ತೊಡಕುಗಳ ಬೇರು ಇಲ್ಲಿದೆ.

ನಮ್ಮಲ್ಲಿನ ಸಮೀಪದ ಬಂಧುಗಳು

ಹೆಸರು ಹೊಸದಾದರೂ ಕಲ್ಪನೆ ಕನ್ನಡಿಗರಿಗೆ ಹೊಸದಲ್ಲ. ಧಾನ್ಯವನ್ನು ಹುರಿದು, ಕಾಯಿ-ಬೀಜಗಳನ್ನು ಸೇರಿಸಿ, ಬೆಲ್ಲದಿಂದ ಬೆಸೆಯುವ ಪದ್ಧತಿ ನಮ್ಮಲ್ಲಿ ಬಹು ಹಿಂದಿನಿಂದ ಇದೆ. ಸಂಕ್ರಾಂತಿಯ ಎಳ್ಳುಬೆಲ್ಲದಲ್ಲಿ ಎಳ್ಳು, ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ ಮತ್ತು ಬೆಲ್ಲ ಇವೆ. ರಾಗಿಯನ್ನು ಅರಳಿಸಿ ಬೀಸಿದ ಹುರಿಹಿಟ್ಟಿಗೆ ಹಾಲು-ಬೆಲ್ಲ ಹಾಕಿದರೆ ಒಲೆಯ ಹಂಗಿಲ್ಲದೆ ಉಪಾಹಾರ ಸಿದ್ಧ. ತಂಬಿಟ್ಟು, ಶೇಂಗಾ ಉಂಡಿ, ಕಡಲೆಮಿಠಾಯಿ, ಮಂಡಕ್ಕಿ ಉಂಡೆ ಇವೆಲ್ಲ ಅದೇ ಕುಟುಂಬದವು.

ಕಚ್ಚಾ ಸಾಮಗ್ರಿಯ ದೃಷ್ಟಿಯಿಂದಲೂ ನಮ್ಮ ರಾಜ್ಯ ಅನುಕೂಲಕರ ಸ್ಥಿತಿಯಲ್ಲಿದೆ. ಮಂಡ್ಯದ ಬೆಲ್ಲ, ಚಿತ್ರದುರ್ಗ ಜಿಲ್ಲೆಯ ಶೇಂಗಾ, ತಿಪಟೂರಿನ ಕೊಬ್ಬರಿ, ವಿಜಯಪುರದ ಒಣದ್ರಾಕ್ಷಿ, ಕರಾವಳಿಯ ಗೋಡಂಬಿ, ದಕ್ಷಿಣದ ಜಿಲ್ಲೆಗಳ ರಾಗಿ, ಉತ್ತರದ ಜಿಲ್ಲೆಗಳ ಜೋಳ ಮತ್ತು ಸಜ್ಜೆ ಇವೆಲ್ಲ ಇಲ್ಲಿಯೇ ದೊರೆಯುತ್ತವೆ. ದೊರೆಯದಿರುವುದು ಓಟ್ಸ್ ಮಾತ್ರ. ನಮ್ಮ ದೇಶದಲ್ಲಿ ಓಟ್ಸನ್ನು ಮುಖ್ಯವಾಗಿ ದನಗಳ ಮೇವಿಗಾಗಿ ಬೆಳೆಯುತ್ತಾರೆ. ತಿನ್ನುವ ಓಟ್ಸಿಗೆ ಆಸ್ಟ್ರೇಲಿಯಾ ಮೊದಲಾದ ದೇಶಗಳ ಆಮದನ್ನೇ ಹೆಚ್ಚಾಗಿ ಅವಲಂಬಿಸಬೇಕಾಗಿದೆ. ವಿಶ್ವಸಂಸ್ಥೆಯು 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಘೋಷಿಸಿದ ನಂತರ ಓಟ್ಸಿನ ಒಂದು ಭಾಗಕ್ಕೆ ಬದಲಾಗಿ ಸಿರಿಧಾನ್ಯಗಳ ಅವಲಕ್ಕಿ ಅಥವಾ ಅರಳನ್ನು ಬಳಸುವ ಪ್ರಯತ್ನಗಳು ಹೆಚ್ಚಾಗಿವೆ. ಇದು ಸ್ವಾಗತಾರ್ಹ; ಆದರೆ ಇದರಲ್ಲಿಯೂ ಲೆಕ್ಕ ತಪ್ಪಬಾರದು ಎಂಬುದನ್ನು ಮುಂದೆ ವಿವರಿಸಲಾಗಿದೆ.

ಪೌಷ್ಟಿಕತೆ: ಒಂದು ಮಾದರಿ ಲೆಕ್ಕ

ಗ್ರನೋಲಾ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಅದರಲ್ಲಿ ಏನೇನು ಎಷ್ಟೆಷ್ಟಿದೆ ಎಂಬುದರ ಮೇಲೆ ಉತ್ತರ ನಿಂತಿದೆ. ಉದಾಹರಣೆಗೆ, ಒಂದು ಕಿ.ಗ್ರಾಂ. ಸಾಮಗ್ರಿಯ ಈ ಸಾಧಾರಣ ಸೂತ್ರವನ್ನು ತೆಗೆದುಕೊಳ್ಳೋಣ: ಓಟ್ಸ್ 500 ಗ್ರಾಂ, ಕಡಲೆಕಾಯಿ ಬೀಜ 150 ಗ್ರಾಂ, ಎಳ್ಳು 50 ಗ್ರಾಂ, ಬೆಲ್ಲ 180 ಗ್ರಾಂ, ಎಣ್ಣೆ 70 ಗ್ರಾಂ, ಒಣದ್ರಾಕ್ಷಿ 50 ಗ್ರಾಂ. ಬೇಯುವಾಗ ತೇವಾಂಶ ಆವಿಯಾಗಿ ಸುಮಾರು 950 ಗ್ರಾಂ ತಿನಿಸು ಕೈಗೆ ಬರುತ್ತದೆ.

ಸಾಮಾನ್ಯ ಪೋಷಕಾಂಶ ಕೋಷ್ಟಕಗಳ ಪ್ರಕಾರ ಲೆಕ್ಕ ಹಾಕಿದರೆ ಇದರ 100 ಗ್ರಾಂನಲ್ಲಿ ಸುಮಾರು 470 ಕಿಲೊ ಕ್ಯಾಲೊರಿ, 12 ಗ್ರಾಂ ಪ್ರೋಟೀನ್, 21 ಗ್ರಾಂ ಕೊಬ್ಬು, 7 ಗ್ರಾಂಗೂ ಮಿಗಿಲಾಗಿ ನಾರಿನಂಶ ಮತ್ತು ಬೆಲ್ಲದಿಂದ ಬಂದ 16 ಗ್ರಾಂನಷ್ಟು ಸಕ್ಕರೆ ಇರುತ್ತದೆ. ಒಣದ್ರಾಕ್ಷಿಯ ಸಹಜ ಸಕ್ಕರೆ ಬೇರೆ. ಪ್ರಯೋಗಾಲಯದ ಪರೀಕ್ಷೆಗೆ ಈ ಲೆಕ್ಕ ಬದಲಿಯಲ್ಲ. ಸೂತ್ರವನ್ನು ನಿರ್ಧರಿಸುವ ಮೊದಲು ಕಾಗದದ ಮೇಲೆ ಮಾಡಿಕೊಳ್ಳುವ ಅಂದಾಜು ಮಾತ್ರ.

ಈ ಅಂಕಿಗಳು ಏನನ್ನು ಹೇಳುತ್ತವೆ? 40 ಗ್ರಾಂನ ಒಂದು ಸಣ್ಣ ಬಡಿಸುವಿಕೆಯಲ್ಲಿ 190ರ ಹತ್ತಿರ ಕ್ಯಾಲೊರಿ, ಸುಮಾರು ಆರೂವರೆ ಗ್ರಾಂ ಸೇರಿಸಿದ ಸಕ್ಕರೆ, 3 ಗ್ರಾಂ ನಾರು ದೊರೆಯುತ್ತದೆ. ಇದರಲ್ಲಿ ಆಕ್ಷೇಪಿಸುವಂತಹುದು ಏನೂ ಇಲ್ಲ. ಕಡಲೆಕಾಯಿ ಮತ್ತು ಎಳ್ಳಿನ ಕೊಬ್ಬಿನ ಬಹುಭಾಗ ಅಪರ್ಯಾಪ್ತ ಕೊಬ್ಬು. ಓಟ್ಸಿನಲ್ಲಿರುವ ಬೀಟಾ ಗ್ಲೂಕನ್ ಎಂಬ ಕರಗುವ ನಾರು ರಕ್ತದ ಕೊಲೆಸ್ಟರಾಲ್ ತಗ್ಗಿಸಲು ಸಹಾಯಕವೆಂಬುದು ಸ್ಥಿರಪಟ್ಟಿದೆ. ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕನ್ ಆಧಾರದ ಮೇಲೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1997ರಲ್ಲಿಯೇ ಈ ಹೇಳಿಕೆಗೆ ಅನುಮತಿ ನೀಡಿತ್ತು. ಅದೇ ಕಾಲಕ್ಕೆ, ಓಟ್ಸಿನಲ್ಲಿ ಬೀಟಾ ಗ್ಲೂಕನ್ ಸುಮಾರು ಶೇ. 4ರಷ್ಟು ಮಾತ್ರ ಇರುವುದರಿಂದ, ಮೇಲಿನ 40 ಗ್ರಾಂ ಗ್ರನೋಲಾದಲ್ಲಿ ದೊರೆಯುವುದು ಒಂದು ಗ್ರಾಂಗೂ ಕಡಿಮೆ ಎಂಬುದನ್ನು ಮರೆಯಬಾರದು.

ಆದರೆ 40 ಗ್ರಾಂ ಎಂದರೆ ಒಂದು ಸಣ್ಣ ಹಿಡಿಯಷ್ಟೇ. ಹಾಲು ಹಾಕಿ ತಿನ್ನುವವರು ಸಾಮಾನ್ಯವಾಗಿ ಬಟ್ಟಲು ತುಂಬುವಷ್ಟು ಸುರಿದುಕೊಳ್ಳುತ್ತಾರೆ. ಆಗ ಪ್ರಮಾಣ ಸುಲಭವಾಗಿ 80ರಿಂದ 100 ಗ್ರಾಂ ಮುಟ್ಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2015ರ ತನ್ನ ಮಾರ್ಗಸೂಚಿಯಲ್ಲಿ ಜೇನು, ಬೆಲ್ಲ ಮೊದಲಾದವುಗಳನ್ನೂ ಒಳಗೊಂಡ ಸಕ್ಕರೆಯಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಶೇ. 10ನ್ನು ಮೀರಬಾರದೆಂದೂ ಶೇ. 5ಕ್ಕಿಂತ ಕಡಿಮೆಯಿದ್ದರೆ ಮತ್ತಷ್ಟು ಒಳ್ಳೆಯದೆಂದೂ ಹೇಳಿದೆ. 2000 ಕ್ಯಾಲೊರಿಯ ಆಹಾರಕ್ಕೆ ಶೇ. 5 ಎಂದರೆ ಸುಮಾರು 25 ಗ್ರಾಂ. ತುಂಬಿದ ಬಟ್ಟಲೊಂದರಲ್ಲಿಯೇ ಅದರ ಅರ್ಧಕ್ಕೂ ಹೆಚ್ಚು ಮುಗಿದುಹೋಗುತ್ತದೆ.

ಬೆಲ್ಲ ಮತ್ತು ಜೇನುತುಪ್ಪ ಸಕ್ಕರೆಯಲ್ಲ ಎಂಬ ನಂಬಿಕೆ ನಮ್ಮ ತಯಾರಕರಲ್ಲಿ ವ್ಯಾಪಕವಾಗಿದೆ. ಬೆಲ್ಲದಲ್ಲಿ ಅಲ್ಪಸ್ವಲ್ಪ ಖನಿಜಾಂಶಗಳೂ ಮನಸ್ಸಿಗೆ ಹಿತವಾದ ರುಚಿಯೂ ಇರುವುದು ನಿಜ. ಆದರೆ ಅದರ ಬಹುಭಾಗ ಸಕ್ಕರೆಯೇ. ಜೇನುತುಪ್ಪದ ಸುಮಾರು ಶೇ. 80 ಭಾಗವೂ ಸಕ್ಕರೆಗಳೇ. ದೇಹ ಇವುಗಳನ್ನು ಬೇರೆಯಾಗಿ ಕಾಣುವುದಿಲ್ಲ, ಕಾನೂನೂ ಕಾಣುವುದಿಲ್ಲ.

ಈ ವಿಷಯದಲ್ಲಿ ಜನರ ನಂಬಿಕೆಗೂ ತಜ್ಞರ ಅಭಿಪ್ರಾಯಕ್ಕೂ ಎಷ್ಟು ಅಂತರವಿದೆ ಎಂಬುದಕ್ಕೆ ಒಂದು ನಿದರ್ಶನವಿದೆ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2016ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಅಮೆರಿಕದ ಸಾರ್ವಜನಿಕರ ಪೈಕಿ ನೂರಕ್ಕೆ ಸುಮಾರು 70 ಮಂದಿ ಗ್ರನೋಲಾ ಬಾರ್ ಆರೋಗ್ಯಕರವೆಂದರೆ, ಪೋಷಣಾ ತಜ್ಞರಲ್ಲಿ ಹಾಗೆಂದವರು 30ಕ್ಕಿಂತ ಕಡಿಮೆ. ಈ ಅಂತರದ ಮೇಲೆ ವ್ಯಾಪಾರ ಕಟ್ಟಿದವರು ಗ್ರಾಹಕನ ತಿಳಿವಳಿಕೆ ಹೆಚ್ಚಿದಂತೆಲ್ಲ ನೆಲೆ ಕಳೆದುಕೊಳ್ಳುತ್ತಾರೆ. ನಮ್ಮ ನಗರಗಳ ಗ್ರಾಹಕರು ಪೊಟ್ಟಣ ತಿರುಗಿಸಿ ಹಿಂಬದಿ ಓದುವುದನ್ನು ಈಗಾಗಲೇ ಕಲಿತಿದ್ದಾರೆ.

ಹೆಸರಿಗೆ ರಾಗಿ, ಲೆಕ್ಕಕ್ಕೆ ಎಷ್ಟು?

ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಭಾರತೀಯ ಆಹಾರ ಸಂಯೋಜನಾ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿ.ಗ್ರಾಂ. ಕ್ಯಾಲ್ಸಿಯಂ ಇದೆ. ಧಾನ್ಯಗಳಲ್ಲಿ ಇದು ಅತ್ಯುನ್ನತ ಪ್ರಮಾಣ. ಇದನ್ನು ಕೇಳಿದೊಡನೆ ರಾಗಿ ಗ್ರನೋಲಾ ಮಾಡಿ ಕ್ಯಾಲ್ಸಿಯಂ ಸಮೃದ್ಧವೆಂದು ಮುದ್ರಿಸುವ ಆಸೆ ಹುಟ್ಟುತ್ತದೆ.

ಮೇಲಿನ ಸೂತ್ರದಲ್ಲಿ ಓಟ್ಸಿನ 100 ಗ್ರಾಂ ತೆಗೆದು ರಾಗಿ ಅರಳನ್ನು ಹಾಕಿದೆವೆನ್ನೋಣ. ಆಗ 40 ಗ್ರಾಂ ತಿನಿಸಿನಲ್ಲಿ ರಾಗಿಯ ಪಾಲು 4 ಗ್ರಾಂ ಚಿಲ್ಲರೆ. ಅದರಿಂದ ಬರುವ ಕ್ಯಾಲ್ಸಿಯಂ ಸುಮಾರು 15 ಮಿ.ಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪ್ರೌಢರಿಗೆ ಶಿಫಾರಸು ಮಾಡಿದ ದಿನದ ಪ್ರಮಾಣ 1000 ಮಿ.ಗ್ರಾಂ. ಅಂದರೆ ಶೇ. ಒಂದೂವರೆ! ಅದೇ ಸೂತ್ರದಲ್ಲಿ ಕೇವಲ 50 ಗ್ರಾಂ ಇರುವ ಎಳ್ಳನ್ನು ಸಿಪ್ಪೆ ಸಮೇತ ಬಳಸಿದರೆ ಅದಕ್ಕಿಂತ ಹೆಚ್ಚು ಕ್ಯಾಲ್ಸಿಯಂ ಬರುತ್ತದೆ. ರಾಗಿಯನ್ನು ಬಳಸಬಾರದೆಂದು ಇದರ ಅರ್ಥವಲ್ಲ. ಬಳಸುವುದಾದರೆ ಸೂತ್ರದ ಮೂರನೆಯ ಒಂದು ಭಾಗವಾದರೂ ಸಿರಿಧಾನ್ಯ ಇರುವಂತೆ ಬಳಸಬೇಕು. ಇಲ್ಲವಾದರೆ ಅದರ ರುಚಿ ಮತ್ತು ಬಣ್ಣಕ್ಕಾಗಿ ಬಳಸಿದ್ದೇವೆಂದು ಒಪ್ಪಿಕೊಂಡು ಸುಮ್ಮನಿರಬೇಕು.

ಕಾನೂನೂ ಇದನ್ನೇ ಹೇಳುತ್ತದೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲ್ ನಿಯಮಾವಳಿಯ ಪ್ರಕಾರ ಯಾವುದೇ ಒಂದು ಸಾಮಗ್ರಿಯನ್ನು ಪದಗಳಿಂದಾಗಲೀ ಚಿತ್ರದಿಂದಾಗಲೀ ಎತ್ತಿ ತೋರಿಸಿದರೆ ಅದರ ಶೇಕಡಾ ಪ್ರಮಾಣವನ್ನು ನಮೂದಿಸಬೇಕು. ಪೊಟ್ಟಣದ ಮುಂಭಾಗದಲ್ಲಿ ರಾಗಿಯ ತೆನೆಯ ಚಿತ್ರ, ಹಿಂಭಾಗದಲ್ಲಿ ಶೇ. 4 ಎಂಬ ಅಂಕಿ ಇದ್ದರೆ ಗ್ರಾಹಕ ಏನೆಂದುಕೊಂಡಾನು ಎಂಬುದನ್ನು ಹೇಳಬೇಕಾಗಿಲ್ಲ.

ಲೇಬಲ್ ಮೇಲಿನ ಮಾತಿಗೆ ಬೆಲೆ ಇದೆ

2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮಾವಳಿಯಲ್ಲಿ ಯಾವ ಮಾತನ್ನು ಯಾವಾಗ ಬಳಸಬಹುದೆಂಬುದನ್ನು ನಿಗದಿಪಡಿಸಲಾಗಿದೆ. ಘನ ಆಹಾರದ 100 ಗ್ರಾಂನಲ್ಲಿ ಕನಿಷ್ಠ 3 ಗ್ರಾಂ ನಾರು ಇದ್ದರೆ ನಾರಿನ ಮೂಲವೆಂದೂ 6 ಗ್ರಾಂ ಇದ್ದರೆ ನಾರು ಸಮೃದ್ಧವೆಂದೂ ಹೇಳಬಹುದು. ನಮ್ಮ ಮಾದರಿ ಸೂತ್ರ ಈ ಪರೀಕ್ಷೆಯಲ್ಲಿ ಉತ್ತೀರ್ಣವಾಗುತ್ತದೆ. ಆದರೆ ಕಡಿಮೆ ಸಕ್ಕರೆ ಎನ್ನಲು 100 ಗ್ರಾಂನಲ್ಲಿ 5 ಗ್ರಾಂಗಿಂತ ಹೆಚ್ಚು ಸಕ್ಕರೆ ಇರಕೂಡದು. ಆ ಮಾತನ್ನು ಈ ಸೂತ್ರಕ್ಕೆ ಬಳಸುವಂತಿಲ್ಲ.

ಸಕ್ಕರೆ ಸೇರಿಸಿಲ್ಲ ಎಂಬ ಹೇಳಿಕೆ ಇನ್ನೂ ಬಿಗಿಯಾದುದು. ಸಕ್ಕರೆ ಮಾತ್ರವಲ್ಲ, ಜೇನು, ಕಾಕಂಬಿ, ಗ್ಲೂಕೋಸ್, ಕಾರ್ನ್ ಸಿರಪ್ ಮುಂತಾದ ಯಾವ ರೂಪದ ಸಿಹಿಯನ್ನೂ ಹಾಕಿರಬಾರದು. ಸಿಹಿಯ ಬದಲಿಗೆಂದು ಒಣಹಣ್ಣಿನ ಪೇಸ್ಟನ್ನು ಬಳಸಿದರೂ ಈ ಹೇಳಿಕೆ ನಿಲ್ಲುವುದಿಲ್ಲ. ಖರ್ಜೂರವನ್ನು ಅರೆದು ಹಾಕಿ ಸಕ್ಕರೆ ಸೇರಿಸಿಲ್ಲವೆಂದು ಮುದ್ರಿಸುವವರು ಇದನ್ನು ಮುಖ್ಯವಾಗಿ ಗಮನಿಸಬೇಕು.

ಪ್ರತಿ ಬಡಿಸುವಿಕೆಯು ದಿನದ ಪ್ರಮಾಣದ ಶೇಕಡಾ ಎಷ್ಟೆಂಬುದನ್ನು ಲೆಕ್ಕಹಾಕುವಾಗ 2000 ಕಿಲೊ ಕ್ಯಾಲೊರಿ, 67 ಗ್ರಾಂ ಒಟ್ಟು ಕೊಬ್ಬು, 22 ಗ್ರಾಂ ಪರ್ಯಾಪ್ತ ಕೊಬ್ಬು, 50 ಗ್ರಾಂ ಸೇರಿಸಿದ ಸಕ್ಕರೆ ಹಾಗೂ 2000 ಮಿ.ಗ್ರಾಂ. ಸೋಡಿಯಂಗಳನ್ನು ಆಧಾರವಾಗಿ ಇಟ್ಟುಕೊಳ್ಳಬೇಕು. ಅಲರ್ಜಿ ಉಂಟುಮಾಡಬಲ್ಲ ಕಡಲೆಕಾಯಿ, ಬಾದಾಮಿ-ಗೋಡಂಬಿಯಂತಹ ಬೀಜಗಳು, ಹಾಲು, ಸೋಯಾ, ಗ್ಲುಟೆನ್ ಇರುವ ಧಾನ್ಯಗಳನ್ನು ಪ್ರತ್ಯೇಕವಾಗಿ ತಿಳಿಸಬೇಕು. ನಿಯಮದಲ್ಲಿ ಓಟ್ಸ್ ಕೂಡ ಗ್ಲುಟೆನ್ ಧಾನ್ಯಗಳ ಪಟ್ಟಿಯಲ್ಲಿದೆ. ಕಡಲೆಮಿಠಾಯಿ ಮಾಡುವ ಅದೇ ಕೊಠಡಿ, ಅದೇ ಟ್ರೇಗಳಲ್ಲಿ ಗ್ರನೋಲಾ ಮಾಡುವವರು, ಸೂತ್ರದಲ್ಲಿ ಕಡಲೆಕಾಯಿ ಇಲ್ಲದಿದ್ದರೂ ಆ ಎಚ್ಚರಿಕೆಯನ್ನು ಮುದ್ರಿಸುವುದು ಕ್ಷೇಮ. ಇದು ಕೇವಲ ಕಾನೂನಿನ ಮಾತಲ್ಲ. ಕಡಲೆಕಾಯಿ ಅಲರ್ಜಿಯಿರುವ ಮಗುವೊಂದರ ಪ್ರಾಣದ ಪ್ರಶ್ನೆ.

ನಿಯಂತ್ರಣ ಬಿಗಿಯಾಗುತ್ತಿರುವುದಕ್ಕೆ ಇತ್ತೀಚಿನ ವರ್ಷಗಳಲ್ಲಿ ಅನೇಕ ನಿದರ್ಶನಗಳಿವೆ. 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟ ತಾಣಗಳು ಹಾಲು ಆಧಾರಿತ ಹಾಗೂ ಮಾಲ್ಟ್ ಪಾನೀಯಗಳನ್ನು ಆರೋಗ್ಯ ಪಾನೀಯ ಎಂಬ ವಿಭಾಗದಿಂದ ತೆಗೆಯಬೇಕೆಂದು ಸೂಚಿಸಲಾಯಿತು. ಆರೋಗ್ಯ ಪಾನೀಯ ಎಂಬುದಕ್ಕೆ ಆಹಾರ ಕಾಯಿದೆಯಲ್ಲಿ ವ್ಯಾಖ್ಯಾನವೇ ಇಲ್ಲವೆಂಬುದು ಅದಕ್ಕೆ ಕಾರಣ. ಅಮೆರಿಕದಲ್ಲಿ 2015ರಲ್ಲಿ ಬೀಜಗಳ ಬಾರ್ ತಯಾರಿಸುವ ಒಂದು ಪ್ರಸಿದ್ಧ ಕಂಪನಿಗೆ, ಪರ್ಯಾಪ್ತ ಕೊಬ್ಬು ಮಿತಿ ಮೀರಿದೆಯಾಗಿ ಆರೋಗ್ಯಕರ ಎಂಬ ಪದವನ್ನು ಬಳಸುವಂತಿಲ್ಲವೆಂದು ಎಚ್ಚರಿಕೆ ಪತ್ರ ಬಂದಿತ್ತು. ಬಾದಾಮಿಯಂತಹ ಬೀಜಗಳಲ್ಲಿರುವ ಸಹಜ ಕೊಬ್ಬನ್ನು ಕುರಿತು ಕಂಪನಿ ವಾದಿಸಿತು. 2016ರಲ್ಲಿ ಆಡಳಿತ ತನ್ನ ನಿಲುವನ್ನು ಸಡಿಲಿಸಿತು. 2024ರ ಡಿಸೆಂಬರ್‌ನಲ್ಲಿ ಪ್ರಕಟವಾದ ಹೊಸ ವ್ಯಾಖ್ಯಾನದಲ್ಲಿ ಬೀಜಗಳಿಗೆ ಸ್ಥಾನ ದೊರೆತಿದೆ. ಆದರೆ ಸೇರಿಸಿದ ಸಕ್ಕರೆಗೆ ಮಿತಿ ಬಂದಿದೆ. ಕಾನೂನಿನ ಕಣ್ಣು ಯಾವ ಕಡೆ ತಿರುಗಿದೆ ಎಂಬುದು ಇದರಿಂದ ಸ್ಪಷ್ಟ.

ಗರಿಗರಿತನದ ಗುಟ್ಟು

ಗ್ರನೋಲಾ ತಿನ್ನುವ ಸುಖದಲ್ಲಿ ದೊಡ್ಡ ಪಾಲು ಹಲ್ಲಿನ ನಡುವೆ ಕೇಳುವ ಸದ್ದಿನದು. ಬೇಯುವಾಗ ಧಾನ್ಯದ ಪ್ರೋಟೀನ್ ಮತ್ತು ಸಕ್ಕರೆ ಸೇರಿ ಹುರಿದ ಸುವಾಸನೆಯನ್ನೂ ಹೊಂಬಣ್ಣವನ್ನೂ ಕೊಡುತ್ತವೆ. ಪಾಕದ ನೀರು ಆವಿಯಾಗಿ ಸಕ್ಕರೆ ಗಾಜಿನಂತೆ ಗಟ್ಟಿಯಾದಾಗ ಕುರುಕುತನ ಬರುತ್ತದೆ. ಆ ಗಾಜಿನಂತಹ ಸ್ಥಿತಿ ತೇವ ತಗುಲಿದೊಡನೆ ಮುರಿಯುತ್ತದೆ. ತಿನಿಸು ಮೆತ್ತಗಾಗುವುದು ಹೀಗೆ.

ಬೆಲ್ಲ ಮತ್ತು ಜೇನುತುಪ್ಪ ಬಳಸುವವರಿಗೆ ಈ ಸಮಸ್ಯೆ ಹೆಚ್ಚು. ಶುದ್ಧ ಸಕ್ಕರೆಗಿಂತ ಬೆಲ್ಲ ಗಾಳಿಯ ತೇವವನ್ನು ಬೇಗ ಹೀರುತ್ತದೆ. ಅದರಲ್ಲಿರುವ ಗ್ಲೂಕೋಸ್, ಫ್ರಕ್ಟೋಸ್‌ಗಳೇ ಇದಕ್ಕೆ ಮುಖ್ಯ ಕಾರಣ. ಬೇಸಿಗೆಯಲ್ಲಿ ತುಮಕೂರಿನಲ್ಲಿ ಚೆನ್ನಾಗಿಯೇ ಇದ್ದ ಸರಕು ಮಳೆಗಾಲದಲ್ಲಿ ಮಂಗಳೂರಿನ ಅಂಗಡಿಯಲ್ಲಿ ಮುದ್ದೆಯಾಗುವುದು ಆಶ್ಚರ್ಯವಲ್ಲ. ಆದುದರಿಂದ ಕೆಳಗಿನ ಅಂಶಗಳನ್ನು ತಪ್ಪದೆ ಪಾಲಿಸಬೇಕು.

ಮೊದಲನೆಯದಾಗಿ, ಮಿಶ್ರಣವನ್ನು ಟ್ರೇಯಲ್ಲಿ ತೆಳುವಾಗಿ ಹರಡಿ, 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಮಂದ ಶಾಖದಲ್ಲಿ, ನಡುನಡುವೆ ಕೆದಕುತ್ತ ಬೇಯಿಸಬೇಕು. ಶಾಖ ಏರಿಸಿ ಅವಸರ ಮಾಡಿದರೆ ಹೊರಗೆ ಸೀದು ಒಳಗೆ ತೇವ ಉಳಿಯುತ್ತದೆ. ಅತಿಯಾಗಿ ಕಂದಿದ ಧಾನ್ಯದಲ್ಲಿ ಅಕ್ರಿಲಮೈಡ್ ಎಂಬ ಅನಪೇಕ್ಷಿತ ವಸ್ತುವೂ ಹೆಚ್ಚಾಗುತ್ತದೆ. ಎರಡನೆಯದಾಗಿ, ಒಣದ್ರಾಕ್ಷಿ, ಅಂಜೂರ ಮೊದಲಾದವುಗಳನ್ನು ಬೇಯಿಸಿ ತಣಿದ ನಂತರವೇ ಬೆರೆಸಬೇಕು, ಅದೂ ಚೆನ್ನಾಗಿ ಒಣಗಿದ್ದನ್ನು ಮಾತ್ರ. ಹಸಿಯಾಗಿರುವ ದ್ರಾಕ್ಷಿ ಮುಚ್ಚಿದ ಪೊಟ್ಟಣದೊಳಗೆ ತನ್ನ ತೇವವನ್ನು ಓಟ್ಸಿಗೆ ದಾಟಿಸುತ್ತದೆ. ದ್ರಾಕ್ಷಿ ಕಲ್ಲಾಗುತ್ತದೆ, ಓಟ್ಸ್ ಮೆತ್ತಗಾಗುತ್ತದೆ. ಮೂರನೆಯದಾಗಿ, ಬಿಸಿ ಇರುವಾಗ ತುಂಬಬಾರದು. ಒಳಗಿನ ಆವಿ ತಣಿದು ನೀರಾಗುತ್ತದೆ. ತಣಿದ ಮೇಲೆ ತೆರೆದಿಡಲೂ ಬಾರದು.

ನಾಲ್ಕನೆಯದು ಕಮಟು ವಾಸನೆ. ಕಾಯಿ-ಬೀಜಗಳ ಎಣ್ಣೆ ಗಾಳಿ, ಬೆಳಕು, ಶಾಖಗಳಿಗೆ ಸಿಕ್ಕಿ ಕೆಡುತ್ತದೆ. ಸಜ್ಜೆಯಂತಹ ಧಾನ್ಯಗಳಲ್ಲಿ ಕೊಬ್ಬನ್ನು ಒಡೆಯುವ ಕಿಣ್ವ ಪ್ರಬಲವಾಗಿರುವುದರಿಂದ ಸರಿಯಾಗಿ ಶಾಖ ಕೊಡದ ಸಜ್ಜೆ ಅವಲಕ್ಕಿ ಅಥವಾ ಹಿಟ್ಟು ಕೆಲವೇ ವಾರಗಳಲ್ಲಿ ಕಹಿಯಾಗಬಹುದು. ಹೊಸ ಶೇಂಗಾ, ಹೊಸ ಎಳ್ಳನ್ನೇ ಕೊಳ್ಳಬೇಕು; ಬೂಷ್ಟು ಹಿಡಿದ, ಸುಕ್ಕಾದ ಬೀಜಗಳನ್ನು ಆರಿಸಿ ತೆಗೆಯಬೇಕು. ಅಫ್ಲಾಟಾಕ್ಸಿನ್ ಎಂಬ ವಿಷ ಬೂಷ್ಟಿನಿಂದಲೇ ಬರುವುದು, ಮತ್ತು ಹುರಿಯುವುದರಿಂದ ಅದು ಪೂರ್ತಿ ಹೋಗುವುದಿಲ್ಲ. ಪೊಟ್ಟಣಕ್ಕೆ ತೇವವನ್ನೂ ಗಾಳಿಯನ್ನೂ ತಡೆಯುವ, ಲೋಹಲೇಪಿತ ಪದರವುಳ್ಳ ಲ್ಯಾಮಿನೇಟನ್ನು ಬಳಸುವುದು ಉಚಿತ. ಒಳಗಿರುವುದು ಕಾಣಲೆಂದು ಪೂರ್ಣ ಪಾರದರ್ಶಕ ಚೀಲ ಬಳಸಿದರೆ ಬೆಳಕಿನಿಂದ ಸರಕು ಬೇಗ ಕೆಡುತ್ತದೆ.

ಎಷ್ಟು ದಿನ ಬಾಳುತ್ತದೆ ಎಂಬುದನ್ನು ಬೇರೆಯವರ ಪೊಟ್ಟಣ ನೋಡಿ ನಕಲು ಮಾಡುವುದು ಅಪಾಯಕಾರಿ. ಮೊದಲ ತಯಾರಿಕೆಯ ಕೆಲವು ಪೊಟ್ಟಣಗಳನ್ನು ಸಾಧಾರಣ ಉಷ್ಣತೆಯಲ್ಲಿಯೂ ಕೆಲವನ್ನು 40 ಡಿಗ್ರಿಯಷ್ಟು ಬೆಚ್ಚಗಿನ ಸ್ಥಳದಲ್ಲಿಯೂ ಇರಿಸಿ, ಹದಿನೈದು ದಿನಕ್ಕೊಮ್ಮೆ ಒಡೆದು ತಿಂದು ನೋಡಿ, ತೇವಾಂಶ ಮತ್ತು ಪೆರಾಕ್ಸೈಡ್ ಮೌಲ್ಯವನ್ನು ಪರೀಕ್ಷಿಸಿಯೇ ಅವಧಿಯನ್ನು ನಿರ್ಧರಿಸಬೇಕು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ 1950ರಿಂದ ಇಂತಹ ವಿಷಯಗಳಲ್ಲಿ ಉದ್ದಿಮೆಗಳಿಗೆ ನೆರವಾಗುತ್ತ ಬಂದಿದೆ. ಮಾನ್ಯತೆ ಪಡೆದ ಖಾಸಗಿ ಪ್ರಯೋಗಾಲಯಗಳೂ ಇವೆ. ಪರೀಕ್ಷೆಗೆ ತಗಲುವ ಹಣವನ್ನು ಖರ್ಚೆಂದು ಭಾವಿಸದೆ ಬಂಡವಾಳದ ಭಾಗವೆಂದೇ ಎಣಿಸಬೇಕು.

ನಮ್ಮ ಗ್ರಾಹಕ ಹೇಗೆ ತಿನ್ನುತ್ತಾನೆ?

ಕೆಲಾಗ್ ಕಂಪನಿ 1994ರಲ್ಲಿ ಭಾರತದಲ್ಲಿ ಕಾರ್ನ್‌ಫ್ಲೇಕ್ಸ್ ಮಾರಾಟ ಆರಂಭಿಸಿದಾಗ ನಮ್ಮ ಮನೆಗಳಲ್ಲಿ ಬೆಳಿಗ್ಗೆ ಬಿಸಿ ಹಾಲನ್ನೇ ಬಳಸುವ ರೂಢಿ ಅದಕ್ಕೆ ತೊಡಕಾಯಿತು. ಬಿಸಿ ಹಾಲಿನಲ್ಲಿ ಫ್ಲೇಕ್ಸ್ ಕ್ಷಣದಲ್ಲಿ ಮೆತ್ತಗಾಗಿ ಕುರುಕುತನವೇ ಉಳಿಯಲಿಲ್ಲ. ವ್ಯಾಪಾರ ಶಿಕ್ಷಣದ ಪಾಠವಾಗಿರುವ ಈ ಪ್ರಸಂಗ ಗ್ರನೋಲಾಕ್ಕೂ ಅನ್ವಯಿಸುತ್ತದೆ.

ಇಡ್ಲಿ, ಉಪ್ಪಿಟ್ಟು, ರೊಟ್ಟಿಗಳನ್ನು ಬಿಟ್ಟು ದಿನವೂ ಗ್ರನೋಲಾ ತಿನ್ನುವ ಮನೆಗಳು ನಮ್ಮಲ್ಲಿ ಕಡಿಮೆ. ಆದರೆ ಸಂಜೆ ನಾಲ್ಕು ಗಂಟೆಗೆ ಕಾಫಿಯ ಜೊತೆ ಒಂದು ಹಿಡಿ ಕುರುಕಲು ತಿಂಡಿ ತಿನ್ನದ ಮನೆಗಳೂ ಕಡಿಮೆಯೇ. ಆದುದರಿಂದ ಉಪಾಹಾರವೆಂದು ದೊಡ್ಡ ಪೊಟ್ಟಣದಲ್ಲಿ ಮಾರುವುದಕ್ಕಿಂತ, 30-40 ಗ್ರಾಂನ ಸಣ್ಣ ಪೊಟ್ಟಣದಲ್ಲಿ ಅಥವಾ ಬಾರ್ ರೂಪದಲ್ಲಿ ತಿಂಡಿಯಾಗಿ ಮಾರುವುದು ನಮ್ಮ ರೂಢಿಗೆ ಹೊಂದುತ್ತದೆ. ಸಣ್ಣ ಪೊಟ್ಟಣದಿಂದ ಮೂರು ಅನುಕೂಲಗಳಿವೆ. ಒಡೆದ ಪೊಟ್ಟಣ ಮನೆಯಲ್ಲಿ ಮೆತ್ತಗಾಗುವ ದೂರು ಇರುವುದಿಲ್ಲ. ಕೊಳ್ಳುವವನ ಜೇಬಿಗೆ ಭಾರವಾಗುವುದಿಲ್ಲ. ತಿನ್ನುವ ಪ್ರಮಾಣ ತಾನಾಗಿಯೇ ಮಿತಿಯಲ್ಲಿರುತ್ತದೆ. ಆದರೆ ಪೊಟ್ಟಣದ ವೆಚ್ಚ ತೂಕದ ಲೆಕ್ಕದಲ್ಲಿ ಹೆಚ್ಚಾಗುತ್ತದೆ ಎಂಬುದನ್ನು ಬೆಲೆ ನಿಗದಿಯಲ್ಲಿ ಸೇರಿಸಿಕೊಳ್ಳಬೇಕು. ಬಟ್ಟಲಿನಲ್ಲಿ ತಿನ್ನಬಯಸುವವರಿಗೆ ತಣ್ಣನೆಯ ಹಾಲು ಅಥವಾ ಗಟ್ಟಿ ಮೊಸರಿನೊಡನೆ ತಿನ್ನಿರೆಂದು ಪೊಟ್ಟಣದ ಮೇಲೆ ಒಂದು ಸಾಲು ಮುದ್ರಿಸಿದರೆ ಸಾಕು. ಬಾಳೆಹಣ್ಣು ಸೇರಿಸಿದರೆ ಇನ್ನೂ ರುಚಿ.

ವೆಚ್ಚ, ತೆರಿಗೆ, ಮರಳಿ ಬರುವ ಸರಕು

ವೆಚ್ಚವನ್ನು ಲೆಕ್ಕ ಹಾಕುವಾಗ ಹಾಕಿದ ಸಾಮಗ್ರಿಯ ತೂಕವನ್ನಲ್ಲ, ಕೈಗೆ ಬಂದ ತಿನಿಸಿನ ತೂಕವನ್ನು ಆಧಾರವಾಗಿಟ್ಟುಕೊಳ್ಳಬೇಕು. ತೇವಾಂಶದಲ್ಲಿ ನೂರಕ್ಕೆ 5, ಪುಡಿ ಮತ್ತು ಸೀದದ್ದರಲ್ಲಿ 2 ಹೋಯಿತೆಂದರೆ 100 ಕಿ.ಗ್ರಾಂ. ಸಾಮಗ್ರಿಗೆ ಮಾರಾಟಕ್ಕೆ ಸಿಗುವುದು 93 ಕಿ.ಗ್ರಾಂ. ಮಾತ್ರ. ಇದರ ಮೇಲೆ ಪೊಟ್ಟಣ, ಇಂಧನ, ಕೂಲಿ, ಪರೀಕ್ಷೆ, ಸಾಗಾಣಿಕೆ, ಅಂಗಡಿಯವರ ಲಾಭಾಂಶ ಸೇರುತ್ತವೆ. ಅವಧಿ ಮೀರಿ ಮರಳಿ ಬರುವ ಸರಕಿನ ನಷ್ಟವನ್ನು ಅನೇಕರು ಮೊದಲ ವರ್ಷ ಲೆಕ್ಕಕ್ಕೇ ಹಿಡಿಯುವುದಿಲ್ಲ; ಲಾಭವೆಲ್ಲ ಸೋರಿಹೋಗುವುದು ಅಲ್ಲಿಯೇ. ಬೇಡಿಕೆ ಇದ್ದಷ್ಟೇ ಸಣ್ಣ ಪ್ರಮಾಣದಲ್ಲಿ ಮತ್ತೆ ಮತ್ತೆ ತಯಾರಿಸುವ ಶಕ್ತಿ ಸಣ್ಣ ಉದ್ದಿಮೆಗೆ ಇದೆ. ದೊಡ್ಡ ಕಂಪನಿಗಳಿಗೆ ಇಲ್ಲದ ಈ ತಾಜಾತನದ ಅನುಕೂಲವನ್ನು ಬಿಟ್ಟುಕೊಡಬಾರದು.

ತೆರಿಗೆಯ ವಿಷಯದಲ್ಲಿ ಸಮಾಧಾನಕರ ಬದಲಾವಣೆಯಾಗಿದೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ಪರಿಷ್ಕರಣೆಯಲ್ಲಿ ಕಾರ್ನ್‌ಫ್ಲೇಕ್ಸ್ ಹಾಗೂ ಧಾನ್ಯದ ಫ್ಲೇಕ್ಸ್‌ಗಳಿಂದ ತಯಾರಿಸಿದ ಆಹಾರಗಳ ಮೇಲಿನ ದರ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ. ಸೂತ್ರದಲ್ಲಿ ಧಾನ್ಯಕ್ಕಿಂತ ಬೀಜ ಅಥವಾ ಸಿಹಿಯೇ ಪ್ರಧಾನವಾದ ಬಾರ್‌ಗಳ ವರ್ಗೀಕರಣ ಬೇರೆಯಾಗಬಹುದಾದುದರಿಂದ ಲೆಕ್ಕಪರಿಶೋಧಕರ ಸಲಹೆ ಪಡೆಯುವುದು ಒಳಿತು. ಆಹಾರ ಸುರಕ್ಷತಾ ನೋಂದಣಿ ಅಥವಾ ಪರವಾನಗಿಯ 14 ಅಂಕಿಗಳ ಸಂಖ್ಯೆ ಪ್ರತಿ ಪೊಟ್ಟಣದ ಮೇಲೆ ಇರಲೇಬೇಕು.

ಕೊನೆಯ ಮಾತು

ಎಲ್ಲ ಚಿಕ್ಕಿ ತಯಾರಕರೂ ಎಲ್ಲ ಬೇಕರಿಯವರೂ ಗ್ರನೋಲಾ ಮಾಡಬೇಕೆಂದು ಈ ಲೇಖನದ ಆಶಯವಲ್ಲ. ಕಡಲೆಕಾಯಿ ಮತ್ತು ಬೆಲ್ಲ ಹೆಚ್ಚುಕಡಿಮೆ ಸಮಸಮವಾಗಿರುವ ಕಡಲೆಮಿಠಾಯಿಯಲ್ಲಿ ಸಿಹಿ ಇನ್ನೂ ಹೆಚ್ಚು. ಆದರೆ ಅದು ತನ್ನನ್ನು ಮಿಠಾಯಿ ಎಂದೇ ಕರೆದುಕೊಳ್ಳುತ್ತದೆ, ಕೊಳ್ಳುವವನಿಗೂ ಅದು ಗೊತ್ತು. ಗ್ರನೋಲಾದ ಹೆಚ್ಚಿನ ಬೆಲೆ ನಿಂತಿರುವುದು ಗ್ರಾಹಕ ಅದರ ಆರೋಗ್ಯದ ಗುಣದ ಮೇಲೆ ಇಟ್ಟ ನಂಬಿಕೆಯ ಮೇಲೆ. ಆ ನಂಬಿಕೆಗೆ ತಕ್ಕಂತೆ ಸಿಹಿಯನ್ನು ಇಳಿಸಿ, ಬೀಜ ಮತ್ತು ಸಿರಿಧಾನ್ಯದ ಪಾಲನ್ನು ನಿಜವಾಗಿಯೂ ಏರಿಸಿ, ಇದ್ದದ್ದನ್ನು ಇದ್ದಂತೆ ಮುದ್ರಿಸಿ ಮಾರುವವರಿಗೆ ಈ ಮಾರುಕಟ್ಟೆಯಲ್ಲಿ ಸ್ಥಳವಿದೆ.

ಆಸಕ್ತಿಯುಳ್ಳವರು ಯಂತ್ರ ಕೊಳ್ಳುವ ಮೊದಲು ಇರುವ ಓವನ್‌ನಲ್ಲಿಯೇ ಐದು ಕಿ.ಗ್ರಾಂ. ತಯಾರಿಸಿ, ಪರಿಚಿತ ಅಂಗಡಿಗಳ ಮೂಲಕ ಮಾರಿ, ಒಂದು ಮಳೆಗಾಲ ಕಾಯಲಿ. ಆಷಾಢ, ಶ್ರಾವಣಗಳನ್ನು ದಾಟಿಯೂ ಗರಿಗರಿಯಾಗಿ ಉಳಿದು, ಅದೇ ಗ್ರಾಹಕ ಎರಡನೆಯ ಬಾರಿ ಕೇಳಿಕೊಂಡು ಬಂದರೆ, ಆಗ ಬ್ಯಾಂಕಿನ ಸಾಲದ ಅರ್ಜಿಗೆ ಸಹಿ ಹಾಕಬಹುದು.